ಮೆಂಫಿಸ್ ಭಾಷಣದ ಧರ್ಮಪ್ರಶ್ನೆ

ನಾಗರಿಕ ಹಕ್ಕುಗಳ ಚಳವಳಿಯ ನಾಯಕ ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಕೊನೆಯ ಭಾಷಣವನ್ನು 1968ರ ಏಪ್ರಿಲ್ 3ರ ರಾತ್ರಿ ಅಮೆರಿಕದ ಮೆಂಫಿಸ್ ನಗರದ ಮೇಸನ್ ಟೆಂಪಲ್‌ನಲ್ಲಿ ಮಾಡಿದರು. ಎದುರಿಗಿದ್ದವರು ಮುಷ್ಕರ ಹೂಡಿದ್ದ ಪೌರಕಾರ್ಮಿಕರು ಮತ್ತು ಅವರ ಬೆಂಬಲಿಗರು. ಫೆಬ್ರವರಿ 1ರಂದು ಕಸದ ಲಾರಿಯ ಯಂತ್ರಕ್ಕೆ ಸಿಲುಕಿ ಇಬ್ಬರು ಕಾರ್ಮಿಕರು ಸತ್ತಿದ್ದರು. 12ರಿಂದ ಸುಮಾರು 1300 ಮಂದಿ ಕೆಲಸಕ್ಕೆ ಹೋಗುವುದನ್ನು ನಿಲ್ಲಿಸಿದ್ದರು. ತನಗೆ ಕೇಡು ತಟ್ಟಬಹುದೆಂದು ಗೊತ್ತಿದ್ದೂ ಇನ್ನೊಬ್ಬನ ಪಕ್ಕ ನಿಲ್ಲಬೇಕೇ? ಧರ್ಮಚಿಂತನೆಯ ಈ ಹಳೆಯ ಪ್ರಶ್ನೆಗೆ ಸಭಿಕರಿಂದಲೇ ಉತ್ತರ ಹೊರಡಿಸುವಂತೆ ಇಡೀ ಭಾಷಣ ಸಾಗುತ್ತದೆ.

ಕಿಂಗ್ ಬ್ಯಾಪ್ಟಿಸ್ಟ್ ಪಾದ್ರಿ. ಬೋಧಕನ ಮಾತಿಗೆ ಸಭೆ ದನಿಗೂಡಿಸುವುದು ಕಪ್ಪು ಜನರ ಚರ್ಚುಗಳ ವಾಡಿಕೆ. ಅಲ್ಲಿ ಪುನರುಕ್ತಿಯ ಕೆಲಸವೇ ಕೇಳುವವರನ್ನು ಮಾತಿನೊಳಗೆ ಸೇರಿಸಿಕೊಳ್ಳುವುದು. ಯಾವ ಕಾಲದಲ್ಲಿ ಬದುಕಬಯಸುತ್ತೀ ಎಂದು ದೇವರೇ ಕೇಳಿದರೆ ಏನು ಹೇಳಲಿ ಎಂಬ ಕಲ್ಪನೆಯಿಂದ ಕಿಂಗ್ ತೊಡಗುತ್ತಾರೆ. ಈಜಿಪ್ಟ್, ಗ್ರೀಸ್, ರೋಮ್, ಲಿಂಕನ್ನರ ಕಾಲ ಎಲ್ಲವನ್ನೂ ನೋಡಿ, ಒಂದೊಂದರ ಬಳಿಯೂ ಇಲ್ಲಿ ನಿಲ್ಲಲಾರೆ ಎನ್ನುತ್ತಾ, ಕಡೆಗೆ ಆರಿಸಿಕೊಳ್ಳುವುದು ಇಪ್ಪತ್ತನೇ ಶತಮಾನದ ಉತ್ತರಾರ್ಧವನ್ನೇ. ಒಂದು ಊರಿನ ಕೂಲಿಯ ಹೋರಾಟಕ್ಕೆ ಹೀಗೆ ಲೋಕಚರಿತ್ರೆಯಲ್ಲಿ ಜಾಗ ಸಿಗುತ್ತದೆ.

ಭಾವದ ಜೊತೆಗೆ ತರ್ಕವೂ ಇದೆ. ಮುಷ್ಕರದ ಮೆರವಣಿಗೆಗೆ ನ್ಯಾಯಾಲಯ ತಂದ ತಡೆಯನ್ನು ಅವರು ಸಂವಿಧಾನವೇ ಕೊಟ್ಟ ಸಭೆ ಸೇರುವ ಹಕ್ಕಿನ ಎದುರು ಇಡುತ್ತಾರೆ. ಅಮೆರಿಕ ತಾನೇ ಬರೆದುಕೊಂಡದ್ದಕ್ಕೆ ಬದ್ಧವಾಗಿರಲಿ ಎಂಬುದಷ್ಟೇ ಬೇಡಿಕೆ. ಕೈಯಲ್ಲಿ ಕಲ್ಲು ಬೇಕಿಲ್ಲ, ಕಂಪನಿಗಳ ಸರಕನ್ನು ಕೊಳ್ಳದಿದ್ದರೆ ಸಾಕು ಎಂದು ಬಹಿಷ್ಕಾರದ ದಾರಿ ತೋರಿಸುತ್ತಾರೆ.

ಭಾಷಣದ ತಿರುಳಿರುವುದು ಬೈಬಲ್ಲಿನ ಒಳ್ಳೆಯ ಸಮಾರ್ಯದವನ ಸಾಮತಿಯಲ್ಲಿ. ಕಳ್ಳರ ಹೊಡೆತಕ್ಕೆ ಸಿಕ್ಕಿ ಬಿದ್ದವನನ್ನು ಕಂಡೂ ಯಾಜಕನೂ ದೇವಾಲಯದ ಸೇವಕನಾದ ಲೇವಿಯನೂ ಹಾಗೇ ಹೋದರೆಂಬ ಕಥೆಯನ್ನು ಬೋಧಕರು ಸಾಮಾನ್ಯವಾಗಿ ಅವರನ್ನು ಹಳಿಯಲು ಬಳಸುತ್ತಾರೆ. ಕಿಂಗ್ ಆದರೋ ಆ ಇಬ್ಬರ ಭಯವನ್ನು ಅರ್ಥಮಾಡಿಕೊಳ್ಳುತ್ತಾರೆ. ಕಥೆ ನಡೆಯುವ ದಾರಿಯಲ್ಲೇ ಪತ್ನಿಯೊಡನೆ ಯೆರೂಸಲೇಮಿನಿಂದ ಯೆರಿಕೋಗೆ ಕಾರಿನಲ್ಲಿ ಹೋಗಿದ್ದವರು ಅವರು; ಆ ಇಳಿಜಾರಿನ ತಿರುವುಗಳು ಹೊಂಚು ಹಾಕುವವರಿಗೆ ಹೇಳಿ ಮಾಡಿಸಿದಂತಿವೆ ಎಂದು ವಿವರಿಸುತ್ತಾರೆ. ನಿಂತರೆ ನನಗೇನಾದೀತು ಎಂದು ಆ ಇಬ್ಬರು ಯೋಚಿಸಿದರು; ನಿಲ್ಲದಿದ್ದರೆ ಇವನಿಗೇನಾದೀತು ಎಂದು ಸಮಾರ್ಯದವನು ಯೋಚಿಸಿದ. ಹೆದರಿಕೆ ಸಹಜವೆಂದು ಮೊದಲೇ ಒಪ್ಪಿಕೊಂಡದ್ದರಿಂದ ಈ ಮಾತು ಕೇಳುಗನನ್ನು ಅವಮಾನಿಸದೆ ಎಚ್ಚರಿಸುತ್ತದೆ.

ಆಮೇಲೆ ಸ್ವಂತ ಸಾಕ್ಷ್ಯ. 1958ರಲ್ಲಿ ಹಾರ್ಲೆಮ್‌ನಲ್ಲಿ ಇರಿತಕ್ಕೊಳಗಾದಾಗ ಸೀನಿದ್ದರೂ ಪ್ರಾಣ ಹೋಗುತ್ತಿತ್ತೆಂದು ನೆನೆದು, ಸೀನಿದ್ದರೆ ಏನೇನು ಕಾಣದೆ ಹೋಗುತ್ತಿದ್ದೆನೆಂದು ಚಳವಳಿಯ ಮಜಲುಗಳನ್ನು ಎಣಿಸುತ್ತಾರೆ. ಕೊನೆಗೆ ಬೆಟ್ಟದ ತುದಿಯಿಂದ ವಾಗ್ದತ್ತ ದೇಶವನ್ನು ಕಂಡರೂ ಅದರೊಳಗೆ ಕಾಲಿಡದ ಮೋಶೆಯ ಪ್ರಸಂಗ ಬರುತ್ತದೆ. ತಾನು ತಲುಪದಿದ್ದರೂ ಜನ ತಲುಪುತ್ತಾರೆ ಎಂಬುದು ಅದರ ಇಂಗಿತ.

ಭಾಷಣಕಲೆ ಮುಖಸ್ತುತಿಯ ಒಂದು ಬಗೆ ಎಂದು ಪ್ಲೇಟೋನ ‘ಗಾರ್ಜಿಯಸ್’ ಸಂವಾದದಲ್ಲಿ ಸಾಕ್ರಟೀಸ್ ಆಕ್ಷೇಪಿಸುತ್ತಾನೆ. ಮುಖಸ್ತುತಿ ಕೇಳುಗನಿಗೆ ಹಿತವಾದುದನ್ನೇ ಹೇಳುತ್ತದೆ. ಮೆಂಫಿಸ್ ಭಾಷಣವಾದರೋ ಕೇಳುಗನಿಂದ ತ್ಯಾಗ ಕೇಳುತ್ತದೆ, ಹೇಳುವವನು ಆ ತ್ಯಾಗಕ್ಕೆ ತಾನೇ ಮೊದಲು ಸಿದ್ಧನಾಗಿರುತ್ತಾನೆ, ಆಯ್ಕೆಯನ್ನು ಕೇಳುಗನ ಆತ್ಮಸಾಕ್ಷಿಗೆ ಬಿಡುತ್ತಾನೆ. ಮರುದಿನ ಕಿಂಗ್ ಹತ್ಯೆಯಾಯಿತು. ಕಾರ್ಮಿಕರು ಹಿಂಜರಿಯಲಿಲ್ಲ, ಏಪ್ರಿಲ್ 16ರ ಒಪ್ಪಂದದಲ್ಲಿ ಅವರ ಸಂಘಕ್ಕೆ ಮಾನ್ಯತೆಯೂ ಕೂಲಿಯ ಹೆಚ್ಚಳವೂ ದೊರೆತವು.