ಕಣ್ಣೆರಡು, ಕಾಣ್ಕೆಯೊಂದು

ಮನುಷ್ಯನಿಗೆ ಕಣ್ಣುಗಳೆರಡು, ಅವನು ಕಾಣುವ ಲೋಕವಾದರೋ ಒಂದೇ. ಎರಡು ಕಣ್ಣುಗಳ ನಡುವೆ ಸುಮಾರು 6 ಸೆಂಟಿಮೀಟರಿನ ಅಂತರವಿರುವುದರಿಂದ ಬಲಗಣ್ಣು ಕಂಡಂತೆ ಎಡಗಣ್ಣು ಕಾಣುವುದಿಲ್ಲ. ವಾಚಕರು ತೋರುಬೆರಳನ್ನು ಮುಖದೆದುರು ಹಿಡಿದು ಒಂದೊಂದೇ ಕಣ್ಣನ್ನು ಮುಚ್ಚಿ ನೋಡಿದರೆ ಇದು ವೇದ್ಯವಾಗುವುದು. ಈ ಭಿನ್ನ ಬಿಂಬಗಳೆರಡನ್ನೂ ಮನಸ್ಸು ಕೂಡಿಸಿದಾಗ ಆಳದ ಅರಿವು ಹುಟ್ಟುವುದೆಂಬುದನ್ನು 1838ರಲ್ಲಿ ಚಾರ್ಲ್ಸ್ ವೀಟ್‌ಸ್ಟನ್ ಎಂಬ ಆಂಗ್ಲ ವಿಜ್ಞಾನಿಯು ಎರಡು ಚಿತ್ರ, ಎರಡು ಕನ್ನಡಿಗಳ ಉಪಕರಣದಿಂದ ತೋರಿಸಿಕೊಟ್ಟನು.

ಈ ವಿಷಯವನ್ನು ಇಲ್ಲಿ ಎತ್ತಿಕೊಳ್ಳಲು ಕಾರಣವುಂಟು. ಹಿಂದಿನ ಶಿವರಾತ್ರಿಯಲ್ಲಿ ನನ್ನ ಹಳೆಯ ಶಿಷ್ಯನೊಬ್ಬನು ದಾಂಡೇಲಿಯ ಕಾಡಿನ ಕವಳಾ ಗುಹೆಗೆ ಹೋಗಿ, ಹನಿನೀರಿನಿಂದ ಬೆಳೆದ ಲಿಂಗಾಕಾರ ಶಿಲೆಯ ದರ್ಶನ ಮಾಡಿಕೊಂಡು, ಹಳಿಯಾಳದಲ್ಲಿ ನಮ್ಮ ಪಾಠಶಾಲೆಗೆ ಬಂದನು. ಗಣಕಯಂತ್ರದ ಉದ್ಯೋಗದಲ್ಲಿರುವ ಅವನು ಒಂದು ಹಾಳೆಯನ್ನು ತೋರಿಸಿದನು. ಅದರಲ್ಲಿ ನೋಟಕ್ಕೆ ಒಂದೇ ಎನಿಸುವ ಎರಡು ಚಿತ್ರಗಳು ಅಕ್ಕಪಕ್ಕದಲ್ಲಿದ್ದವು.

ಜರೀಗಿಡದ ಒಂದು ಎಸಳು ಇಡೀ ಎಲೆಯನ್ನೇ ಹೋಲುವುದು. ಪಾಂಢರಿ, ಕಾನೇರಿ, ತಟ್ಟಿಹಳ್ಳಗಳನ್ನು ಕೂಡಿಕೊಂಡು ಹರಿಯುವ ಕಾಳೀನದಿಯ ಕವಲುಗಳಿಗೆ ಮತ್ತೆ ಕವಲುಗಳುಂಟು. ಅಂಶದಲ್ಲಿ ಅಂಶಿಯು ಮರುಕಳಿಸುವ ಇಂತಹ ಆಕೃತಿಗಳಿಗೆ ಬೆನ್ವಾ ಮ್ಯಾಂಡೆಲ್‌ಬ್ರಾಟ್ ಎಂಬ ಗಣಿತಜ್ಞನು 1975ರಲ್ಲಿ ‘ಫ್ರ್ಯಾಕ್ಟಲ್’ ಎಂಬ ಹೆಸರನ್ನಿಟ್ಟನು. 2009ರಲ್ಲಿ ಡೇನಿಯಲ್ ವೈಟ್, ಪಾಲ್ ನೈಲ್ಯಾಂಡರ್ ಎಂಬವರು ರೂಪಿಸಿದ ‘ಮ್ಯಾಂಡೆಲ್‌ಬಲ್ಬ್’ ಎಂಬುದು ಉದ್ದ, ಅಗಲ, ಆಳಗಳುಳ್ಳ ಅಂತಹ ಆಕೃತಿ. ಬಿಂದುವೊಂದನ್ನು ಸೂತ್ರಕ್ಕೆ ಒಳಪಡಿಸಿ, ಬಂದ ಫಲವನ್ನು ಮರಳಿ ಮರಳಿ ಅದೇ ಸೂತ್ರಕ್ಕೆ ಒಪ್ಪಿಸುತ್ತ ಹೋದಾಗ, ಅನಂತಕ್ಕೆ ಓಡಿಹೋಗದೆ ಉಳಿಯುವ ಬಿಂದುಗಳ ಸಮೂಹವೇ ಅದು. ಸೂತ್ರವು ಒಂದೇ ಸಾಲಿನದು, ರೂಪವಾದರೋ ತೀರದು. ಅದನ್ನು ತುಸು ಸರಿದ ಎರಡು ನೆಲೆಗಳಿಂದ ಚಿತ್ರಿಸಿದರೆ ಜೋಡಿಚಿತ್ರವಾಗುವುದು.

ಹಾಳೆಯ ಆಚೆಗೆ ದೂರದ ಬೆಟ್ಟವನ್ನು ನೋಡುವಂತೆ ದೃಷ್ಟಿಯನ್ನು ಸಡಿಲಿಸಬೇಕಂತೆ. ಆಗ ಎರಡು ಚಿತ್ರಗಳು ನಾಲ್ಕಾಗಿ, ಒಳಗಿನವೆರಡು ಬೆರೆತು ಮೂರಾಗಿ, ನಡುವಿನದು ಗವಿ-ಶಿಖರಗಳ ಆಳವನ್ನು ತಾಳುವುದಂತೆ. ನಾನು ನೋಡಿದೆನು; ಕಣ್ಣು ನೊಂದಿತೇ ಹೊರತು ಏನೂ ಕಾಣಲಿಲ್ಲ. ಸುತ್ತಲೂ ವಿದ್ಯಾರ್ಥಿಗಳು ಕಾದಿದ್ದರು. “ಕಂಡಿತು” ಎಂದುಬಿಟ್ಟೆನು. ಬಳಿಕ ಹುಡುಗರೆಲ್ಲರೂ ಒಬ್ಬೊಬ್ಬರಾಗಿ ಕಂಡಿತೆಂದರು. ಕೊನೆಗೆ, ಹುಟ್ಟಿನಿಂದ ಮೆಳ್ಳೆಗಣ್ಣಿನ ಬಾಲಕನೊಬ್ಬನು ಬಹಳ ಹೊತ್ತು ನೋಡಿ, “ನನಗ ಕಾಣವಲ್ದರೀ, ಗುರುಗಳ” ಎಂದನು. ಉಳಿದವರು ನಕ್ಕರು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಇಲ್ಲಿ ಎರಡು ಪ್ರಶ್ನೆಗಳುಂಟು. ಹಾಳೆಯಲ್ಲಿಲ್ಲದ ಆಳವನ್ನು ಕಂಡವನ ಕಾಣ್ಕೆಯು ಭ್ರಾಂತಿಯೇ? ಹಗ್ಗದಲ್ಲಿ ಹಾವನ್ನು ಕಂಡಂತೆ ಇದಲ್ಲವೆಂದು ನನ್ನ ಅಭಿಪ್ರಾಯ. ದೀಪ ತಂದರೆ ಹಾವು ಮಾಯವಾಗುವುದು. ಈ ಆಳವು ವಿಚಾರಿಸಿದಷ್ಟೂ ನಿಲ್ಲುವುದು. ಎರಡು ಕಣ್ಣುಗಳನ್ನೂ ಕೂಡಿಸಿ ನೋಡಬಲ್ಲವರೆಲ್ಲರಿಗೂ ಗವಿಯಿರುವಲ್ಲಿ ಗವಿಯೇ ತೋರುವುದು. ಅದಕ್ಕೆ ಆಧಾರವು ಚಿತ್ರಗಳೆರಡರ ನಿಜವಾದ ಭೇದ. ಎರಡೂ ಅಣುಮಾತ್ರವೂ ಭಿನ್ನವಾಗದಿದ್ದರೆ ಬೆರೆತ ಮೇಲೂ ಚಿತ್ರವು ಚಪ್ಪಟೆಯಾಗಿಯೇ ಉಳಿಯುವುದು. ಭೇದವನ್ನು ಅಳಿಸಿದ ಐಕ್ಯವು ಬರಡು. ಭೇದವನ್ನು ಒಳಗೊಂಡ ಸಾಮರಸ್ಯದಲ್ಲಿಯೇ ಆಳವುಂಟು.

ಎರಡನೆಯ ಪ್ರಶ್ನೆಯು ಇದಕ್ಕಿಂತ ಕಠಿಣವಾದುದು. ಕಾಣ್ಕೆಯು ನಿಜವಾಗಿದ್ದರೆ, ಕಾಣದವನು ಕಂಡೆನೆಂದರೆ ದೋಷವೇನು? ಶಿಷ್ಯನ ಮಾತು ಸತ್ಯವೇ ಆಗಿತ್ತು. ನಾನು ಅದನ್ನು ಅನುಮೋದಿಸಿದೆನಷ್ಟೆ ಎಂದು ಮನಸ್ಸು ವಾದಿಸಿತು. ಆದರೆ “ಅವನ ಮಾತನ್ನು ನಂಬುತ್ತೇನೆ” ಎಂಬುದು ಬೇರೆ, “ನಾನು ಕಂಡೆನು” ಎಂಬುದು ಬೇರೆ. ಮೊದಲನೆಯದು ಶ್ರದ್ಧೆ, ಎರಡನೆಯದು ಸಾಕ್ಷ್ಯ. ಶ್ರದ್ಧೆಯನ್ನು ಸಾಕ್ಷ್ಯದ ವೇಷದಲ್ಲಿ ನಿಲ್ಲಿಸಿದರೆ ಎರಡೂ ಕೆಡುವುವು. ಶರಣರು ಅನುಭಾವಕ್ಕೆ ಹಿರಿಯ ಸ್ಥಾನವನ್ನಿತ್ತುದರಿಂದಲೇ ಅನುಭಾವದ ಸೋಗನ್ನು ನಿಷ್ಠುರವಾಗಿ ಖಂಡಿಸಿದರು. ಚಿತ್ರದ ಆಳವನ್ನು ಲಿಂಗಾನುಭವಕ್ಕೆ ಸಮನೆಂದು ನಾನು ಹೇಳುತ್ತಿಲ್ಲ. ಅದು ಕಣ್ಣಿನ ಧರ್ಮ, ಇದು ಬಾಳಿನ ಸಾಧನೆ. ಸಾಕ್ಷ್ಯದ ಧರ್ಮವಾದರೋ ಎರಡೆಡೆಯಲ್ಲಿಯೂ ಒಂದೇ. ಗುರುವೆನಿಸಿಕೊಂಡವನು ಕಾಣದುದನ್ನು ಕಂಡೆನೆಂದರೆ, ಶಿಷ್ಯರು ಕಾಣುವುದನ್ನು ಕಲಿಯುವುದಿಲ್ಲ, ಹೇಳುವುದನ್ನು ಕಲಿಯುವರು.

ಮರುದಿನ ತರಗತಿಯಲ್ಲಿ ನನ್ನ ತಪ್ಪನ್ನು ಒಪ್ಪಿಕೊಂಡೆನು. ನಾಲ್ವರು ಹುಡುಗರು ಎದ್ದು, ತಮಗೂ ಕಂಡಿರಲಿಲ್ಲವೆಂದರು. ಹಲವು ದಿನಗಳ ಅಭ್ಯಾಸದ ಬಳಿಕ, ಬಲಾತ್ಕಾರವನ್ನು ಬಿಟ್ಟು ಸುಮ್ಮನೆ ನೋಡುತ್ತಿದ್ದಾಗ, ನಡುವಿನ ಚಿತ್ರವು ನನಗೆ ಥಟ್ಟನೆ ಗವಿಯಾಗಿ ತೆರೆಯಿತು. ಆ ಬಾಲಕನಿಗೆ ಮಾತ್ರ ಇಂದಿಗೂ ಕಂಡಿಲ್ಲ. ಎಳೆತನದಲ್ಲಿ ಕಣ್ಣುಗಳೆರಡೂ ಒಂದೇ ಕಡೆಗೆ ನೆಡದವರಿಗೆ ಈ ಶಕ್ತಿಯು ಬೆಳೆಯದಿರಬಹುದು. ಅದು ಅವನ ದೋಷವಲ್ಲ. ಅವನು ಹಾಳೆಯ ನೆರಳು-ಬೆಳಕುಗಳ ಮೇಲೆ ಬೆರಳಾಡಿಸಿ, ಇಲ್ಲಿ ತಗ್ಗು, ಇಲ್ಲಿ ದಿಬ್ಬವೆಂದು ತಪ್ಪಿಲ್ಲದೆ ಹೇಳಿದನು. ನಮ್ಮೆಲ್ಲರ ಮಧ್ಯದಲ್ಲಿ ಮೊದಲು ನಿಜವನ್ನು ನುಡಿದವನು ಅವನೇ. ಆ ದಿನ ನನಗೆ ಗುರುವಾದವನೂ ಅವನೇ.