ಇಂದಿನ ಧಮ್ಮ ಚಿಂತನೆ: ಎರಡನೇ ಕಂಟ್ರೋಲರ್

 

ಬಂಧುಗಳೇ, ಹತ್ತನೇ ತರಗತಿ ಪಾಸಾದರೆ ವಿಡಿಯೋ ಗೇಮ್ ಕೊಡಿಸುತ್ತೇನೆಂದು ಮಗನಿಗೆ ಮಾತು ಕೊಟ್ಟಿದ್ದೆ. ಪಾಸಾದ. ತುಮಕೂರಿನ ಎಂ.ಜಿ. ರಸ್ತೆಯ ಅಂಗಡಿಯಲ್ಲಿ ನಿಂತಾಗ, ಯಾವುದನ್ನು ಕೊಳ್ಳಲಿ ಎನ್ನುವುದಕ್ಕಿಂತ ಯಾರಿಗಾಗಿ ಕೊಳ್ಳುತ್ತಿದ್ದೇನೆ ಎಂಬುದೇ ದೊಡ್ಡ ಪ್ರಶ್ನೆಯಾಯಿತು.

ನಾನು ಬೆಳೆದದ್ದು ಗುಬ್ಬಿ ತಾಲ್ಲೂಕಿನ ಒಂದು ಕೇರಿಯಲ್ಲಿ. ತೊಂಬತ್ತರ ದಶಕದಲ್ಲಿ ನನ್ನ ಸಹಪಾಠಿಯೊಬ್ಬನ ಮನೆಗೆ ಟಿ.ವಿ.ಗೆ ಜೋಡಿಸುವ ಕ್ಯಾಸೆಟ್ ಗೇಮ್ ಬಂತು. ನಾವು ಮೂವರು ಹುಡುಗರು ಕಿಟಕಿಯ ಸರಳು ಹಿಡಿದು ನೋಡುತ್ತಿದ್ದೆವು. ಒಳಗೆ ಬನ್ನಿ ಎಂದು ಯಾರೂ ಕರೆಯಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಅವನು ಒಬ್ಬನೇ ಆಡುತ್ತಿದ್ದ. ಎರಡನೇ ಕಂಟ್ರೋಲರ್ ಚಾಪೆಯ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ನನ್ನ ಕಣ್ಣು ಟಿ.ವಿ.ಗಿಂತ ಹೆಚ್ಚು ಅದರ ಮೇಲೇ ಇರುತ್ತಿತ್ತು.

ಅದಕ್ಕೇ ನನ್ನ ಮಗನಿಗೆ ಎಲ್ಲಕ್ಕಿಂತ ಒಳ್ಳೆಯದೇ ಬೇಕೆಂಬ ಹಟ. ಪ್ಲೇಸ್ಟೇಷನ್ 5 ನೋಡಿದೆ. 2021ರಲ್ಲಿ ಭಾರತಕ್ಕೆ ಬಂದಾಗಲೇ ಅದರ ಡಿಸ್ಕ್ ಮಾದರಿಯ ಬೆಲೆ 49,990 ರೂಪಾಯಿ ಇತ್ತು. ನನ್ನ ಮುಖ ನೋಡಿ ಅಂಗಡಿಯವರು "ಇಎಂಐ ಇದೆ ಸಾರ್" ಅಂದರು. ನಾಳೆ ಬರುತ್ತೇನೆಂದು ಹೊರಬಂದೆ.

ಅಂದು ಸಂಜೆ ಕುಣಿಗಲ್ಲಿನ ನಮ್ಮ ಹಿರಿಯ ಉಪಾಸಕರಿಗೆ ಫೋನ್ ಮಾಡಿ, ಬೌದ್ಧರ ಮನೆಗೆ ಇಂಥ ಆಟ ತರಬಹುದೇ ಎಂದು ಕೇಳಿದೆ. ಅವರು ನಕ್ಕರು. "ಬ್ರಹ್ಮಜಾಲ ಸುತ್ತದಲ್ಲಿ ಮಣೆಯಾಟಗಳ ಪಟ್ಟಿಯೇ ಇದೆ, ಆದರೆ ಅವನ್ನು ಬಿಡಬೇಕಾದವರು ಭಿಕ್ಖುಗಳು. ಗೃಹಸ್ಥರಿಗೆ ಹೇಳಿದ ಸಿಗಾಲೋವಾದ ಸುತ್ತದಲ್ಲಿ ಸಂಪತ್ತು ಸೋರಿಹೋಗುವ ಆರು ದಾರಿಗಳಲ್ಲಿ ಜೂಜು ಒಂದು. ನಮ್ಮೂರ ಕುದುರೆ ಫಾರಂ ನೋಡಿಲ್ಲವೇ? ಕುದುರೆ ಓಡುವುದು ಅದರ ಸಹಜ ಗುಣ. ಅದರ ಮೇಲೆ ಹಣ ಕಟ್ಟಿದಾಗ ಜೂಜು" ಎಂದರು. ಕೇಂದ್ರ ಸರ್ಕಾರದ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಯೂ ಹಣ ಕಟ್ಟಿ ಆಡುವ ಆಟಗಳನ್ನೇ ನಿಷೇಧಿಸಿದೆ. ಕೊನೆಗೆ ಅವರು ಮೆಲ್ಲಗೆ ಕೇಳಿದರು: "ಸಾಲ ಮಾಡಿ ತರುತ್ತೀರಾ?"

ನಾನು ಸುಮ್ಮನಾದೆ. ಬುದ್ಧರು ಅನಾಥಪಿಂಡಿಕನಿಗೆ ಹೇಳಿದ ಗೃಹಸ್ಥನ ನಾಲ್ಕು ಸುಖಗಳಲ್ಲಿ ಸಾಲವಿಲ್ಲದ ಸುಖವೂ ಒಂದು. ಮಗನಿಗೆ ಕೊಡುವ ಉಡುಗೊರೆಗಾಗಿ ಮನೆಯವರೆಲ್ಲರ ಆ ಸುಖವನ್ನು ಅಡವಿಡಲು ಹೊರಟಿದ್ದೆ.

ಫೋನಿನ ಮಾತು ಕೇಳಿಸಿಕೊಂಡಿದ್ದ ಮಗಳು ಬಂದು ಕೂತಳು. "ಅಪ್ಪ, ನಾನು ಪಾಸಾದಾಗ ಎರಡು ಸಾವಿರದ ವಾಚ್ ಕೊಡಿಸಿದಿರಿ. ಬೇಜಾರಿಲ್ಲ. ಆದರೆ ಆ ಡಬ್ಬದಲ್ಲಿ ಒಂದೇ ಕಂಟ್ರೋಲರ್ ಬರುತ್ತೆ. ನಾನು ಪಕ್ಕದಲ್ಲಿ ಕೂತು ನೋಡಬೇಕಾ?"

ಬಂಧುಗಳೇ, ಕಿಟಕಿಯ ಸರಳು ನನ್ನ ಮನೆಯೊಳಗೇ ಬಂದಿತ್ತು.

1876ರಲ್ಲಿ ಧಾರವಾಡದಲ್ಲಿ ಹುಟ್ಟಿದ ದಲಿತ ಕ್ರಿಕೆಟಿಗ ಪಾಲ್ವಂಕರ್ ಬಾಲೂ ನೆನಪಾದರು. ಪುಣೆಯ ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಸವರ್ಣ ಆಟಗಾರರೂ ಮುಟ್ಟುತ್ತಿದ್ದರು. ಚಹಾದ ಹೊತ್ತಿಗೆ ಮಾತ್ರ ಅವರಿಗೆ ಹೊರಗೆ, ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ. ಆಡಲು ಬಿಡುವುದೇ ಬೇರೆ, ಜೊತೆಗೆ ಕೂರಿಸಿಕೊಳ್ಳುವುದೇ ಬೇರೆ. 1954ರ ಆಕಾಶವಾಣಿ ಭಾಷಣದಲ್ಲಿ ಬಾಬಾಸಾಹೇಬರು ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವಗಳನ್ನು ತಾವು ಪಡೆದದ್ದು ಗುರು ಬುದ್ಧರಿಂದ ಎಂದರು; ಮೊದಲೆರಡನ್ನು ಕಾಯುವುದು ಭ್ರಾತೃತ್ವವೇ ಎಂದರು. ನಾನು ಮಗನಿಗೆ ಕೊಡಲು ಹೊರಟಿದ್ದು ನನಗೆ ಸಿಗದ ವಸ್ತುವನ್ನು. ನನಗೆ ನಿಜವಾಗಿ ಸಿಗದೇ ಹೋದದ್ದು ಚಾಪೆಯ ಮೇಲಿನ ಜಾಗ.

ಮರುದಿನ ಹಳೆಯ ಪ್ಲೇಸ್ಟೇಷನ್ 4 ಒಂದನ್ನು ಕೈಯಲ್ಲಿದ್ದ ಹಣ ಕೊಟ್ಟು ತಂದೆ. ಎರಡು ಕಂಟ್ರೋಲರ್. ಆಟಗಳು ಡಿಸ್ಕಿನಲ್ಲೇ ಇರಲಿ ಎಂದೆ. ಡಿಸ್ಕ್ ಆದರೆ ಗೆಳೆಯನಿಗೆ ಎರವಲು ಕೊಡಬಹುದು.

ಮಗನ ಮುಖ ಬಾಡಿತು. ಅದನ್ನು ಮುಚ್ಚಿಡುವುದಿಲ್ಲ. ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಕಿಟಕಿಯ ಕಥೆಯನ್ನು ಅವನಿಗೆ ನಾನು ಹೇಳಿಯೇ ಇರಲಿಲ್ಲ. ಮೂರನೇ ದಿನ ಹೇಳಿದೆ. ಏನೂ ಅನ್ನಲಿಲ್ಲ. ಭಾನುವಾರ ಎದುರುಮನೆಯ ಹುಡುಗ ಬಂದು ಬಾಗಿಲಲ್ಲಿ ನಿಂತಾಗ ಆಟ ನಿಲ್ಲಿಸಿ, "ಬಾರೋ, ನೀನು ಅಕ್ಕನ ಟೀಂ" ಎಂದು ತನ್ನ ಕಂಟ್ರೋಲರನ್ನೇ ಅವನ ಕೈಗಿಟ್ಟ.

ಇಂದಿನ ಅಭ್ಯಾಸ: ನಾವು ಮಕ್ಕಳಿಗೆ ಏನಾದರೂ ಕೊಡುವ ಮುನ್ನ ಒಂದು ಕ್ಷಣ ನಿಂತು ಕೇಳಿಕೊಳ್ಳೋಣ. ಇದರಲ್ಲಿ ಇನ್ನೊಬ್ಬರು ಕೂರಲು ಜಾಗವಿದೆಯೇ?

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು.