ಅಜ್ಜಿ ತಾತಂದಿರ ಕಣ್ಣು

ಶ್ರೀರಂಗಪಟ್ಟಣದ ಕೋಟೆಗೆ ಪೂರ್ವದಲ್ಲಿರುವ ಗಂಜಾಂ ಊರಿನಲ್ಲಿ, ಮೊಮ್ಮಗುವಿರುವ ಯಾವುದಾದರೂ ಒಂದು ಮನೆಗೆ ಸಾಯಂಕಾಲ ಹೋಗಿ ಕುಳಿತುಕೊಳ್ಳಿರಿ. ನೀವು ಕೇಳುವದಕ್ಕೆ ಮುಂಚೆಯೇ ಅಜ್ಜಿಯು ಸಮಾಚಾರವನ್ನೆಲ್ಲಾ ಒಪ್ಪಿಸುವಳು. ಮೂರನೆಯ ತಿಂಗಳಲ್ಲಿ ಕತ್ತು ನಿಂತಿತು, ಐದರಲ್ಲಿ ಬೋರಲು ಬಿದ್ದಿತು, ಎಂಟರಲ್ಲಿ ಅಂಬೆಗಾಲಿಟ್ಟಿತು, ಹೊಸಲು ದಾಟಿದ ದಿವಸ ಸಿಹಿ ಮಾಡಿ ಬೀದಿಗೆಲ್ಲಾ ಹಂಚಿದ್ದಾಯಿತು. ತನ್ನ ಸ್ವಂತ ಮಕ್ಕಳು ಯಾವ ತಿಂಗಳಲ್ಲಿ ನಡೆದರೆಂದು ಕೇಳಿದರೆ ಆಕೆಗೆ ನೆನಪಿಲ್ಲ. ಆಗ ಕೆಲಸ ಬಹಳವಾಗಿತ್ತು. ತಾತನಾದರೋ ಕೂಸು ತನ್ನನ್ನು ಹೆಸರು ಹಿಡಿದು ಕರೆಯಿತೆಂದು ಸಾಧಿಸುವನು, ಅದು ಅಂದದ್ದು ಬರಿಯ 'ತ' ಆಗಿದ್ದರೂ.

ಈ ಸಂತೋಷವನ್ನು ನಾವು ಹಾಸ್ಯಮಾಡುವವರಲ್ಲ. ನೊವೊಮಿಯು ಓಬೇದನನ್ನು ಮಡಿಲಲ್ಲಿಟ್ಟುಕೊಂಡಾಗ ಬೇತ್ಲೆಹೇಮಿನ ನೆರೆಹೊರೆಯವರೆಲ್ಲಾ ಕೂಡಿ ಹರ್ಷಿಸಿದರಷ್ಟೆ. ಆದರೆ ಇದರೊಳಗೆ ಒಂದು ಪ್ರಶ್ನೆ ಅಡಗಿರುತ್ತದೆ. ಮುದ್ದಿನ ಕಣ್ಣು ಬಂದದ್ದನ್ನು ಎಣಿಸುತ್ತದೆ. ಬಾರದೆ ಹೋದದ್ದನ್ನು ನೋಡುತ್ತದೋ? ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯಂತೆ ಪ್ರೀತಿಯು ಕುರುಡಾಗಿರುವದೇ ಅದರ ಲಕ್ಷಣವೋ?

ನಡಿಗೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಇಂಡಿಯಾ ದೇಶದ ಮಕ್ಕಳನ್ನೂ ಒಳಗೊಂಡು ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ನೋಡಿ 2006ರಲ್ಲಿ ಪ್ರಕಟಿಸಿದ ಪ್ರಕಾರ, ಆರೋಗ್ಯವುಳ್ಳ ಮಕ್ಕಳಲ್ಲಿ ಕೆಲವರು 8 ತಿಂಗಳಿಗೇ, ಕೆಲವರು 17 ತಿಂಗಳು ಕಳೆದ ಮೇಲೆ ತಾವಾಗಿ ನಡೆಯುವರು. 100ರಲ್ಲಿ ನಾಲ್ಕು ಮಕ್ಕಳು ಅಂಬೆಗಾಲನ್ನೇ ಇಡದೆ ಎದ್ದು ನಿಲ್ಲುವರು. ಆದುದರಿಂದ ನಮ್ಮ ಕೂಸು ಪಕ್ಕದ ಮನೆಯ ಕೂಸಿಗಿಂತ ಎರಡು ತಿಂಗಳು ಮುಂಚೆ ನಡೆಯಿತೆಂದು ಆರಾಧನೆ ಮುಗಿದ ಮೇಲೆ ಸಭೆಯ ಬಾಗಲಲ್ಲಿ ಹೊಗಳಿಕೊಳ್ಳುವದರಲ್ಲಿ ಅರ್ಥವಿಲ್ಲ. ಅದನ್ನು ಕೇಳುತ್ತಾ ಸುಮ್ಮನೆ ನಿಂತಿರುವ ಇನ್ನೊಬ್ಬ ತಾಯಿಯ ಮನಸ್ಸು ನೋಯುವದೊಂದೇ ಅದರ ಫಲ.

ಕಿವಿಯ ವಿಷಯವು ಹಾಗಲ್ಲ. ಕಿವುಡಾಗಿ ಹುಟ್ಟಿದ ಕೂಸು ಸಹ ಮೊದಲಿನ ತಿಂಗಳುಗಳಲ್ಲಿ ಬೇರೆ ಕೂಸುಗಳಂತೆಯೇ ಅಳುವದು, ನಗುವದು, ಊಂ ಆಂ ಎನ್ನುವದು. ಅಜ್ಜಿಯು ಎದುರಿಗೆ ಬಂದರೆ ನೆರಳನ್ನು ಕಂಡು ತಿರುಗುವದು. ನೆಲ ಅದುರಿದರೆ ಬೆಚ್ಚುವದು. ನಾವು ಬಲ್ಲ ಒಂದು ಮನೆಯಲ್ಲಿ ಸೊಸೆಯು, "ಅತ್ತೆ, ಹಿಂದಿನಿಂದ ಕರೆದರೆ ಮಗು ತಿರುಗುವದಿಲ್ಲವಲ್ಲಾ" ಎಂದು ಎರಡು ಮೂರು ಸಾರಿ ಅಂದಳು. "ಅದರ ಅಪ್ಪನೂ ಮೂರು ವರ್ಷದ ತನಕ ಮಾತಾಡಲಿಲ್ಲ, ಸುಮ್ಮನಿರು" ಎಂಬದೇ ಉತ್ತರವಾಯಿತು. ಅಜ್ಜಿಯು ಕಠಿಣಳಾಗಿ ಹೀಗೆ ಹೇಳಿದಳೆಂದು ಯಾರೂ ತಿಳಿಯಬಾರದು. ಹೇಳಿದ್ದು ಪ್ರೀತಿಯೇ. ಆದರೆ ಮಾತನ್ನು ಕಲಿಯತಕ್ಕ ಕಾಲವು ಎಳೆಯ ವರುಷಗಳೇ. ಹುಟ್ಟಿದ ಒಂದು ತಿಂಗಳೊಳಗೆ ಕಿವಿಯನ್ನು ಪರೀಕ್ಷಿಸಿ, ಮೂರರೊಳಗೆ ನಿರ್ಣಯಿಸಿ, ಆರರೊಳಗೆ ಸಹಾಯವನ್ನು ಆರಂಭಿಸಬೇಕೆಂಬದು ವೈದ್ಯರ ಕ್ರಮ. ಇದಕ್ಕೋಸ್ಕರ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ. ಗಂಜಾಂನಿಂದ ಅಲ್ಲಿಗೆ ಇಪ್ಪತ್ತು ಮೈಲಿಯೂ ಇಲ್ಲ.

ಕೂಸೇನು ಸಂತೆಯ ಕರುವೇ, ಹಲ್ಲು ಕಾಲು ನೋಡಿ ಬೆಲೆ ಕಟ್ಟುವದಕ್ಕೆ, ಎಂದು ಕೆಲವರು ಹೇಳಾರು. ಲೋಕವೆಲ್ಲಾ ಮುಂದೆ ಅದರ ಕೊರತೆಯನ್ನೇ ನೋಡುವದು; ಕೊರತೆಯನ್ನು ನೋಡದ ಎರಡು ಕಣ್ಣುಗಳಾದರೂ ಮನೆಯಲ್ಲಿ ಇರಲಿ ಎಂದಾರು. ಈ ಮಾತಿನಲ್ಲಿ ಸತ್ಯವಿಲ್ಲವೆಂದು ಹೇಳಲಾರೆವು. ಬಹಳ ಕಾಲ ನಾವೂ ಹೀಗೆಯೇ ಎಣಿಸಿದ್ದೆವು. ಆದರೆ ಗಂಜಾಂನ ಅಂಜೂರವು ಹಿಂದಿನಿಂದ ಹೆಸರಾದದ್ದು. ಅದನ್ನು ಬೆಳೆಯುವವನು ಎಲೆಯ ಅಡಿಯನ್ನು ತಿರುವಿ ನೋಡುವದರಿಂದ ಗಿಡದ ಮೇಲೆ ಅವನಿಗೆ ಪ್ರೀತಿ ಕಡಿಮೆಯೆಂದು ಯಾರಾದರೂ ಅಂದದ್ದುಂಟೇ? ಕರ್ತನು ಹೇಳಿದ ಸಾಮ್ಯದಲ್ಲಿಯೂ, ಫಲಕೊಡದ ಅಂಜೂರಕ್ಕೆ ಇನ್ನೊಂದು ವರುಷವನ್ನು ಬೇಡಿಕೊಂಡ ತೋಟಗಾರನು ಮರದಲ್ಲಿ ಹಣ್ಣಿದೆಯೆಂದು ಯಜಮಾನನಿಗೆ ಸುಳ್ಳಾಡಲಿಲ್ಲ. ಇಲ್ಲವೆಂಬದನ್ನು ಒಪ್ಪಿಕೊಂಡೇ ಗುದ್ದಲಿಯನ್ನು ಹಿಡಿದನು.

ಇಂಥ ಪ್ರೀತಿಗೆ ದೃಷ್ಟಾಂತವು ದೂರದಲ್ಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಇಲ್ಲಿಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ರೋಮನ್ ಕಥೋಲಿಕ ಸಭೆಯವನು. ಹಾಗಿದ್ದರೂ ಅವನ ಒಳ್ಳೇ ಕೆಲಸವನ್ನು ನಾವು ಮರೆಮಾಡಬಾರದು. ಗಂಜಾಂನಲ್ಲಿ ಅವನ ಹೆಸರಿನ ಚರ್ಚು ಇಂದಿಗೂ ಇದೆ. 1803-04ರಲ್ಲಿ 25,000ಕ್ಕೂ ಹೆಚ್ಚು ಜನರಿಗೆ ಸಿಡುಬಿನ ದಾಕು ಹಾಕಿಸಿದನು. ಅದೇ ಕಾಲದಲ್ಲಿ ಮೈಸೂರು ಅರಮನೆಯಲ್ಲಿ ಬಾಲಕನಾದ ಮುಮ್ಮಡಿ ಕೃಷ್ಣರಾಜ ಒಡೆಯರ ಎಳೆಯ ರಾಣಿಯು ದಾಕು ಹಾಕಿಸಿಕೊಂಡಳು. ಅರಸನ ಅಜ್ಜಿಯಾದ ಲಕ್ಷ್ಮಮ್ಮಣ್ಣಿಯವರು ಒಪ್ಪದೆ ಅದು ನಡೆದಿರಲಾರದು. ಆಡಿ ನಗುತ್ತಿರುವ ಮಗುವಿನ ತೋಳಿಗೆ ಸೂಜಿ ಚುಚ್ಚಿಸುವದು ಅಂದಿನ ಮುದುಕಿಯರಿಗೆ ಸುಲಭವಾಗಿತ್ತೆಂದು ನಮಗೆ ತೋರುವದಿಲ್ಲ. ಬರಲಿರುವದನ್ನು ಮನಸ್ಸಿನಲ್ಲಿ ಕಂಡವರು ಮಾತ್ರ ಒಪ್ಪಿದರು. ಆ ಸಿಡುಬು 1980ರಲ್ಲಿ ಲೋಕದಿಂದಲೇ ಹೋಯಿತೆಂದು ಸಾರಲ್ಪಟ್ಟಿತು.

ಕಣ್ಣು ಮುಚ್ಚಿಕೊಳ್ಳುವದಕ್ಕೆ ಪ್ರೀತಿಯಲ್ಲದೆ ಇನ್ನೊಂದು ಕಾರಣವೂ ಉಂಟು. ಅದನ್ನು ಹೇಳುವದು ಕಷ್ಟ. ಕೊರತೆಯೆಂದು ತಿಳಿದ ಕೂಡಲೇ, ಇದು ಯಾರ ವಂಶದಿಂದ ಬಂತು ಎಂಬ ವಿಚಾರಣೆ ಏಳುವದು, ತೀರ್ಪು ಯಾವಾಗಲೂ ಸೊಸೆಯ ಮೇಲೆಯೇ ಬೀಳುವದು. ಸೋದರಮಾವನಿಗೇ ಹೆಣ್ಣು ಕೊಡುವ ವಾಡಿಕೆಯಿಂದ ಇಂಥ ಕಿವುಡು ಹೆಚ್ಚುವದೆಂದು ವೈದ್ಯರು ಹೇಳುವರು. ಆ ಮದುವೆಗಳನ್ನು ಗೊತ್ತುಮಾಡಿದವರು ಸೊಸೆಯರಲ್ಲ, ಹಿರಿಯರೇ. ಹುಟ್ಟುಕುರುಡನನ್ನು ನೋಡಿ ಶಿಷ್ಯರು ಪಾಪಮಾಡಿದವರು ಯಾರೆಂದು ಕೇಳಿದಾಗ ಕರ್ತನು ಆ ಪ್ರಶ್ನೆಯನ್ನೇ ತಳ್ಳಿ, ಮಾಡಬೇಕಾದ ಕೆಲಸಕ್ಕೆ ಕೈಹಾಕಿದನು.

ಮೇಲೆ ಹೇಳಿದ ಮನೆಯ ತಾತನು ಸೊಸೆಯ ಮಾತಿಗೆ ಆ ದಿವಸ ಏನೂ ಹೇಳಲಿಲ್ಲ. ಮಾರನೆಯ ದಿನ ಹಿತ್ತಿಲಲ್ಲಿ ಚಾಪೆಯ ಮೇಲೆ ಆಡುತ್ತಿದ್ದ ಮೊಮ್ಮಗಳ ಹಿಂದೆ ಹೋಗಿ, ನೆರಳು ಬೀಳದ ಹಾಗೆ ನಿಂತು, ಹಿತ್ತಾಳೆಯ ಲೋಟವನ್ನು ಚಮಚದಿಂದ ಬಡಿದನು. ಕಾಗೆಗಳು ಹಾರಿದವು. ಕೂಸು ತನ್ನ ಆಟದಲ್ಲಿಯೇ ಇತ್ತು. ಇನ್ನೂ ಎರಡು ಸಾರಿ ಬಡಿದನು. ಆಮೇಲೆ ಒಳಗೆ ಬಂದು, "ಹೊರಡಮ್ಮ, ಮೈಸೂರಿನ ಬಸ್ಸಿಗೆ ಇನ್ನೂ ಹೊತ್ತಿದೆ" ಎಂದು ಸೊಸೆಗೆ ಹೇಳಿ, ಕೂಸನ್ನು ತಾನೇ ಎತ್ತಿಕೊಂಡನು.